ಸಾಲು ಹೆಕ್ಕುವುದು ಓದಲ್ಲ

ಇಂಗ್ಲಿಷ್ ಪ್ಯಾಸೇಜಿಗೆ ಉತ್ತರ ಬರೆಯಲು ನಮ್ಮ ಹೈಸ್ಕೂಲುಗಳಲ್ಲಿ ಒಂದು ಉಪಾಯ ಚಾಲ್ತಿಯಲ್ಲಿದೆ. ಪ್ರಶ್ನೆಯಲ್ಲಿರುವ ದೊಡ್ಡ ಶಬ್ದಕ್ಕೆ ಅಡಿಗೆರೆ ಹಾಕು, ಅದೇ ಶಬ್ದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು, ಸಿಕ್ಕಿದ ಸಾಲನ್ನು ಹಾಗೇ ಇಳಿಸು. ಧೈರ್ಯ ಸಾಲದಿದ್ದರೆ ಹಿಂದಿನದೊಂದು ಮುಂದಿನದೊಂದು ಸಾಲನ್ನೂ ಸೇರಿಸು. ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷಿನ 80 ಅಂಕದ ಪತ್ರಿಕೆಯಲ್ಲಿ ಅನ್‌ಸೀನ್ ಪ್ಯಾಸೇಜಿಗೆ ನಾಲ್ಕು ಅಂಕ. ಉಪಾಯ ಗೊತ್ತಿದ್ದವರಿಗೆ ನಾಲ್ಕಕ್ಕೆ ನಾಲ್ಕೂ ಸಿಗುತ್ತದೆ. ಹಾಲ್‌ನಿಂದ ಹೊರಗೆ ಬಂದ ಮೇಲೆ, ಪ್ಯಾಸೇಜು ಏನು ಹೇಳುತ್ತಿತ್ತು ಮಾರಾಯ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ 94 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂತು. ಸಂತೋಷವೇ. ಆದರೂ ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆ: ಈ ಮಕ್ಕಳು ಇಂಗ್ಲಿಷ್ ಓದಲು ಕಲಿತರೇ, ಸಾಲು ಹೆಕ್ಕಲು ಕಲಿತರೇ?

ಬೈಂದೂರು ವಲಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಮನೆ ಶಿರೂರಿನಲ್ಲಿ. (2024ರಲ್ಲಿ ಗುಡ್ಡ ಕುಸಿದದ್ದು ಅಂಕೋಲಾದ ಶಿರೂರಿನಲ್ಲಿ. ನಮ್ಮದು ಉಡುಪಿ ಜಿಲ್ಲೆಯ ಬಡಗು ತುದಿಯದು, ಟೋಲ್‌ಗೇಟಿನ ಶಿರೂರು. ಹೊರಗಿನವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.) ಸಂಜೆ ಹೊತ್ತು ನಮ್ಮ ಜಗಲಿಗೆ ನಾಲ್ಕಾರು ಜನ ಬರುತ್ತಾರೆ: ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆ ಕಟ್ಟಿದವರು, ಬ್ರಿಟನ್ನಿಗೆ ಹೋಗಬೇಕೆಂದಿರುವ ನರ್ಸ್ ಹುಡುಗಿಯರು, ಅಪರೂಪಕ್ಕೆ ಒಬ್ಬ ಯುಪಿಎಸ್‌ಸಿಯವನು. ಇವರಲ್ಲಿ ಒಬ್ಬರ ಮನೆಯಲ್ಲಿ ಕುಂದಗನ್ನಡ, ಮತ್ತೊಬ್ಬರ ಮನೆಯಲ್ಲಿ ಕೊಂಕಣಿ, ನಾಖುದಾ ಮುಸ್ಲಿಮರ ಮನೆಗಳ ಮಾತೇ ಬೇರೆ, ಶಾಲೆಯಲ್ಲಿ ಕಲಿತದ್ದು ಪುಸ್ತಕದ ಕನ್ನಡ ಅಥವಾ ಉರ್ದು. ಇಂಗ್ಲಿಷಿನ ಸರದಿ ಮೂರನೆಯದೋ ನಾಲ್ಕನೆಯದೋ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕವೇ ಬಂದಿದೆ. ಆದರೂ ಬ್ಯಾಂಕ್ ಪರೀಕ್ಷೆಯಲ್ಲಿ ಲೆಕ್ಕ, ರೀಸನಿಂಗ್ ಎಲ್ಲ ದಾಟಿ ಪ್ಯಾಸೇಜಿನ ಹತ್ತಿರ ಎಡವುತ್ತಾರೆ. ಮೊನ್ನೆ ಒಬ್ಬಳು ಹೇಳಿದಳು, "ಸರ್, ಶಬ್ದ ಎಲ್ಲ ಗೊತ್ತಿತ್ತ್. ಆರೂ ಅವ ಎಂತ ಹೇಳೂಕೆ ಹೊರಟದ್ದ್ ಅಂದೇಳಿ ಗೊತ್ತಾಯ್ಲ." ರೋಗ ಏನೆಂದು ಆಕೆಯೇ ಹೇಳಿಬಿಟ್ಟಳು.

ಬ್ಯಾಂಕ್ ನೌಕರಿಯ ಐಬಿಪಿಎಸ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ ವಿಭಾಗಕ್ಕೆ 30 ಪ್ರಶ್ನೆ, 20 ನಿಮಿಷ. ಕ್ಲರ್ಕ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು, ಆದರೆ ಆ ವಿಭಾಗ ಮಾತ್ರ ಇಂಗ್ಲಿಷೇ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ್ದು ಉಡುಪಿಯಲ್ಲಿ. ಅಂಥ ಜಿಲ್ಲೆಯ ಮಕ್ಕಳಿಗೆ ಬ್ಯಾಂಕಿನ ಬಾಗಿಲು ಒಂದು ಪ್ಯಾಸೇಜಿನಿಂದ ಮುಚ್ಚುವುದು ನನಗಂತೂ ಸಹಿಸಲಾಗದ ಸಂಗತಿ. ನರ್ಸ್‌ಗಳದು ಐಇಎಲ್‌ಟಿಎಸ್: 60 ನಿಮಿಷ, ಮೂರು ದೀರ್ಘ ಪ್ಯಾಸೇಜು, 40 ಪ್ರಶ್ನೆ. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಓದಿನಲ್ಲಿ 7 ಬರಬೇಕು. ಇನ್ನು ಯುಪಿಎಸ್‌ಸಿಯ ಸಿಸ್ಯಾಟ್. 2011ರಲ್ಲಿ ಬಂದ ಈ ಪತ್ರಿಕೆಯ ಇಂಗ್ಲಿಷ್ ಭಾಗದ ವಿರುದ್ಧ 2014ರಲ್ಲಿ ದಿಲ್ಲಿಯ ಬೀದಿಯಲ್ಲಿ ಹೋರಾಟವಾಯಿತು. 2015ರಿಂದ ಅದು ಅರ್ಹತೆಗೆ ಮಾತ್ರ, 200 ಅಂಕದಲ್ಲಿ ಶೇ 33 ಬಂದರೆ ಸಾಕು. ಸಾಕು ಎನ್ನುವುದು ಹಿಂದಿ ಬಲ್ಲವರಿಗೆ. ಪ್ಯಾಸೇಜುಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ, ಕನ್ನಡದಲ್ಲಿ ಇಲ್ಲ. ಈ ಅನ್ಯಾಯದ ಬಗ್ಗೆ ಬರೆಯಬೇಕಾದದ್ದು ಬಹಳ ಇದೆ, ಇನ್ನೊಮ್ಮೆ ಬರೆಯುತ್ತೇನೆ. ಅಲ್ಲಿಯವರೆಗೆ ನಮ್ಮ ಹುಡುಗರು ಇಂಗ್ಲಿಷಿನಲ್ಲೇ ಓದಿ ದಾಟಬೇಕು.

ಈ ಮೂರೂ ಪರೀಕ್ಷೆಗಳು ಸಾಲು ಹೆಕ್ಕುವವರನ್ನು ಬೀಳಿಸಲೆಂದೇ ಪ್ರಶ್ನೆ ಹೆಣೆಯುತ್ತವೆ. ಹೇಗೆಂದು ತೋರಿಸಲು ನಾನೇ ಇಂಗ್ಲಿಷಿನಲ್ಲಿ ಒಂದು ಪ್ಯಾಸೇಜು ಬರೆದಿಟ್ಟುಕೊಂಡಿದ್ದೇನೆ. ವಿಷಯ ನಮ್ಮ ಕಡಲಿನದೇ. ಮೊದಲ ಪ್ಯಾರಾದಲ್ಲಿ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಇದರಿಂದ ಮೀನಿನ ಸಂತತಿ ಉಳಿಯುತ್ತದೆ ಎಂದು ಹಲವರು ನಂಬುತ್ತಾರೆ ಎಂದಿದೆ. ಎರಡನೆಯದು 'ಹೌಎವರ್' ಎಂದು ಶುರುವಾಗುತ್ತದೆ: ರಜೆ ಮುಗಿದ ಮರುದಿನದಿಂದ ಸಣ್ಣ ಕಣ್ಣಿನ ಬಲೆಯಲ್ಲಿ ಮರಿಮೀನೂ ಬರುತ್ತದೆ, ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದ ಲೈಟ್ ಫಿಶಿಂಗ್ ಕೂಡ ನಿಂತಿಲ್ಲ. ಮೂರನೆಯದರಲ್ಲಿ ಕಾರಣಗಳು: ದೋಣಿಯ ಸಾಲ, ಡೀಸೆಲ್ ಖರ್ಚು, ಮರಿಮೀನನ್ನೂ ಕೊಳ್ಳುವ ಫಿಶ್‌ಮೀಲ್ ಕಾರ್ಖಾನೆಗಳು. ನಾಲ್ಕನೆಯದರಲ್ಲಿ ಬಲೆಯ ಕಣ್ಣಿನ ಅಳತೆ, ಬಂದರಿನಲ್ಲೇ ತಪಾಸಣೆ.

ಪ್ರಶ್ನೆ: ಲೇಖಕರ ಅಭಿಪ್ರಾಯವೇನು? ಒಂದು ಆಯ್ಕೆ, '61 ದಿನಗಳ ನಿಷೇಧದಿಂದ ಮೀನಿನ ಸಂತತಿ ಉಳಿಯುತ್ತದೆ'. ಒಂದೊಂದು ಶಬ್ದವೂ ಪ್ಯಾಸೇಜಿನದೇ. ಇನ್ನೊಂದು, 'ಉಳಿದ ತಿಂಗಳುಗಳಲ್ಲಿ ಹಿಡಿತ ಇಲ್ಲದಿದ್ದರೆ ರಜೆಯ ಪ್ರಯೋಜನ ಕಡಿಮೆ'. ಈ ಸಾಲು ಪ್ಯಾಸೇಜಿನಲ್ಲಿ ಎಲ್ಲೂ ಇಲ್ಲ. ಸಾಲು ಹುಡುಕಿ ಅಭ್ಯಾಸವಾದವರು ಕಣ್ಣುಮುಚ್ಚಿ ಮೊದಲನೆಯದನ್ನು ಗುರುತು ಮಾಡುತ್ತಾರೆ. ಅಳ್ವೆಗದ್ದೆಯ ಹುಡುಗನೊಬ್ಬ, ಮನೆಯವರೆಲ್ಲ ಮೀನುಗಾರಿಕೆಯಲ್ಲೇ ಇರುವವನು, ಅದನ್ನೇ ಮಾಡಿದ. ಮರಿಮೀನು ಹಿಡಿದರೆ ಮುಂದೆ ಏನಾಗುತ್ತದೆ ಎಂದು ನನಗೆ ಪಾಠ ಹೇಳಬಲ್ಲ ಹುಡುಗ ಅವನು. ಕಡಲು ಗೊತ್ತು, ಶಬ್ದ ಗೊತ್ತು, ಆದರೂ ಉತ್ತರ ತಪ್ಪು. ಪ್ಯಾಸೇಜು ಎಲ್ಲಿ ತಿರುಗಿತು ಎಂಬುದನ್ನು ಅವನು ನೋಡಿರಲಿಲ್ಲ.

ಹಾಗಾಗಿ ನಾನು ಹೇಳಿಕೊಡುವುದು ಇಷ್ಟೇ. ಒಂದು ಪ್ಯಾರಾ ಓದಿದೊಡನೆ ಅದು ಏನು ಹೇಳಿತು ಎಂಬುದನ್ನು ಬಿಡು, ಏನು ಮಾಡಿತು ಎಂದು ಅಂಚಿನಲ್ಲಿ ಒಂದೇ ಶಬ್ದ ಬರೆ. ಕನ್ನಡದಲ್ಲೇ ಬರೆ. ಈ ಪ್ಯಾಸೇಜಿಗಾದರೆ ನಂಬಿಕೆ, ಆಕ್ಷೇಪ, ಕಾರಣ, ಪರಿಹಾರ. ಅಲ್ಲಿಗೆ ಇಡೀ ಪ್ಯಾಸೇಜು ನಾಲ್ಕು ಶಬ್ದದಲ್ಲಿ ಕೈಗೆ ಬಂತು. ಲೇಖಕರ ಅಭಿಪ್ರಾಯ ಕೇಳಿದರೆ 'ನಂಬಿಕೆ' ಎಂದು ಬರೆದ ಪ್ಯಾರಾದಲ್ಲಿ ಅದು ಇರಲಾರದು. ಯಾಕೆ ಎಂದು ಕೇಳಿದರೆ ಮೂರನೆಯದಕ್ಕೆ ಹೋಗು, ಮೇಲಿನಿಂದ ಮತ್ತೆ ಓದುವ ಗೋಜಿಲ್ಲ. ಐಇಎಲ್‌ಟಿಎಸ್‌ನಲ್ಲಿ ಪ್ರತಿ ಪ್ಯಾರಾಕ್ಕೂ ತಲೆಬರಹ ಹೊಂದಿಸುವ ಪ್ರಶ್ನೆ ಬರುತ್ತದಲ್ಲ, ಅದರ ಅರ್ಧ ಕೆಲಸ ಅಂಚಿನಲ್ಲೇ ಮುಗಿದಿರುತ್ತದೆ. ಕಂಪ್ಯೂಟರಿನಲ್ಲಿ ಪರೀಕ್ಷೆಯಾದರೆ ರಫ್ ಹಾಳೆ ಇದೆ. ಇದಕ್ಕೆ ಒಂದು ನಿಮಿಷ ಹೆಚ್ಚು ಹೋಗುತ್ತದೆ ಎಂದು ಹುಡುಗರು ಗೊಣಗುತ್ತಾರೆ. ಹೋಗುತ್ತದೆ, ನಿಜ. ಆದರೆ ಒಂದೊಂದು ಪ್ರಶ್ನೆಗೂ ಪ್ಯಾಸೇಜನ್ನು ತಲೆಯಿಂದ ಬುಡದವರೆಗೆ ಜಾಲಾಡುವವರ ಸಮಯ ಎಲ್ಲಿ ಹೋಗುತ್ತದೆ ಎಂದು ಅವರು ಲೆಕ್ಕ ಹಾಕಿಲ್ಲ.

ನಮ್ಮ ಭಾಗದ ಮಕ್ಕಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ತಾಳಮದ್ದಲೆಯಲ್ಲಿ ವಾಲಿವಧೆ ಕೇಳಿದ ಯಾರಿಗೂ ಗೊತ್ತು: ಒಳ್ಳೆಯ ಅರ್ಥಧಾರಿ ರಾಮನಾಗಿ ಕೂತಾಗ ಮೊದಲು ವಾಲಿಯ ಆರೋಪವನ್ನು ತಾನೇ ಎತ್ತಿ ಆಡುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆ ಎನ್ನುತ್ತೀ, ನನಗೂ ನಿನಗೂ ವೈರವಿಲ್ಲ ಎನ್ನುತ್ತೀ, ಹೀಗೆ. ಆಮೇಲೆ ಒಂದೊಂದಾಗಿ ಬಿಡಿಸುತ್ತಾನೆ. ಆ ಹೊತ್ತಿನಲ್ಲಿ ರಾಮನ ಬಾಯಿಂದ ಬರುತ್ತಿರುವುದು ವಾಲಿಯ ಮಾತು ಎಂದು ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೂ ತಿಳಿಯುತ್ತದೆ. ಪೇಪರು ಬರೆಯುವ ಪದವೀಧರ ಮೊಮ್ಮಗನಿಗೆ ಅದೇ ಸಂಗತಿ ಇಂಗ್ಲಿಷಿನಲ್ಲಿ ಕಾಣುವುದಿಲ್ಲ. ಲೇಖಕ ಯಾರದ್ದೋ ಮಾತನ್ನು ಎತ್ತಿ ಆಡಿದರೆ ಅದು ಲೇಖಕನದ್ದೇ ಎಂದು ತಿಳಿದು ಟಿಕ್ ಹಾಕಿ ಬರುತ್ತಾನೆ.

ಶಾಸ್ತ್ರದವರಂತೂ ಇದನ್ನು ನಿಯಮವೇ ಮಾಡಿಟ್ಟಿದ್ದರು. ಒಂದು ಪ್ರಕರಣದ ತಾತ್ಪರ್ಯ ಯಾವುದು ಎಂದು ನಿರ್ಣಯಿಸಲು ಮೀಮಾಂಸೆ, ವೇದಾಂತಗಳಲ್ಲಿ ಆರು ಲಿಂಗಗಳನ್ನು, ಅಂದರೆ ಗುರುತುಗಳನ್ನು, ಹೇಳುತ್ತಾರೆ: ಉಪಕ್ರಮ ಮತ್ತು ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಮೊದಲೂ ಕೊನೆಯೂ ಯಾವುದರಲ್ಲಿ ಕೂಡುತ್ತವೆ, ಯಾವ ಮಾತು ಮತ್ತೆ ಮತ್ತೆ ಬಂತು, ಬೇರೆಲ್ಲೂ ಇಲ್ಲದ ಹೊಸದೇನು, ಅದರಿಂದ ಸಿಗುವುದೇನು, ಯಾವುದನ್ನು ಹೊಗಳಿದೆ ಅಥವಾ ತೆಗಳಿದೆ, ಯಾವುದಕ್ಕೆ ಯುಕ್ತಿ ಕೊಟ್ಟಿದೆ. ಉಡುಪಿಯ ಮಠಗಳಲ್ಲಿ ಪಾಠ ಕೇಳಿದವರಿಗೆ ಇದು ಪೂರ್ವಪಕ್ಷ, ಸಿದ್ಧಾಂತದಷ್ಟೇ ಪರಿಚಿತ. ಐಬಿಪಿಎಸ್‌ಗೆ ಓದುವ ಹುಡುಗನಿಗೆ ಬ್ರಹ್ಮಸೂತ್ರ ಹೇಳಿಕೊಡಿ ಎನ್ನುತ್ತಿಲ್ಲ. ಬರಹವನ್ನು ಅದರ ಕಟ್ಟಡ ನೋಡಿ ಓದಬೇಕು ಎಂಬ ತಿಳಿವಳಿಕೆ ನಮ್ಮಲ್ಲೇ ಇತ್ತು, ಅದು ಶಾಲೆಯ ಒಳಗೆ ಮಾತ್ರ ಬರಲಿಲ್ಲ.

ಹೊರಗಿನವರೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಬಾನಿ ಮೆಯರ್ ಮತ್ತು ಸಂಗಡಿಗರು 1980ರಲ್ಲಿ ಒಂಬತ್ತನೇ ತರಗತಿಯ ಮಕ್ಕಳ ಮೇಲೆ ಅಧ್ಯಯನ ಪ್ರಕಟಿಸಿದರು. ಲೇಖಕ ಬಳಸಿದ ಕಟ್ಟಡವನ್ನೇ ಹಿಡಿದು ಓದಿದ ಮಕ್ಕಳಿಗೆ ಓದಿದ್ದು ಹೆಚ್ಚು ನೆನಪಿತ್ತು. 1985ರಲ್ಲಿ ಪೆಟ್ರೀಷಿಯಾ ಕ್ಯಾರಲ್, ಇಂಗ್ಲಿಷ್ ಎರಡನೇ ಭಾಷೆಯಾಗಿರುವ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಿ ನೋಡಿದರು. ಕಲಿಸಿದ ಗುಂಪು ಮುಂದೆ ಬಂತು. ನಮ್ಮ ಮಕ್ಕಳ ಸ್ಥಿತಿ ಅದೇ ಅಲ್ಲವೇ?

ಇದಕ್ಕೆ ಮಿತಿ ಇಲ್ಲವೆಂದಲ್ಲ. ಸಾಲಿಗೆ ಮೂರು ನಾಲ್ಕು ಶಬ್ದ ಗೊತ್ತಿಲ್ಲದವನಿಗೆ ಯಾವ ಕಟ್ಟಡವೂ ಕಾಣುವುದಿಲ್ಲ, ಅವನು ಮೊದಲು ಶಬ್ದ ಕಲಿಯಬೇಕು. ಸಿಸ್ಯಾಟ್‌ನ ಕೆಲವು ಪ್ಯಾಸೇಜುಗಳು ಎಲ್ಲಿಂದಲೋ ಕತ್ತರಿಸಿ ತಂದ ಒಂದೇ ಪ್ಯಾರಾ, ಅಂಥವಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ. ಕಥೆಯ ಧಾಟಿಯದಾದರೆ ಅಂಚಿನ ಶಬ್ದ ಅಷ್ಟು ನೆರವಾಗದು. ಆದರೆ ಕೋಚಿಂಗ್ ಸೆಂಟರಿನವರು ಮಾರುವ 'ಪ್ಯಾರಾದ ಮೊದಲ ಸಾಲು, ಕೊನೆಯ ಸಾಲು ಓದಿದರೆ ಸಾಕು' ಎಂಬ ಮಂತ್ರವನ್ನು ನಾನು ಇದಕ್ಕೆ ಸೇರಿಸುವುದಿಲ್ಲ. ಅದೂ ಸಾಲು ಹೆಕ್ಕುವುದೇ. ನನ್ನ ಮೀನಿನ ಪ್ಯಾಸೇಜಿನಲ್ಲಿ ಮೊದಲ ಪ್ಯಾರಾದ ಕೊನೆಯ ಸಾಲನ್ನೇ ನಂಬಿ ಕೂತರೆ ಹಳ್ಳಕ್ಕೆ ಬಿದ್ದ ಹಾಗೆಯೇ.

ಈ ಕೆಲಸ ಶುರುವಾಗಬೇಕಾದದ್ದು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅಲ್ಲ, ಕನ್ನಡ ಪೀರಿಯಡ್ಡಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬರಹದ ಕಟ್ಟಡವನ್ನು ಮಗು ತನಗೆ ಸಲೀಸಾದ ಭಾಷೆಯಲ್ಲಿ ಮೊದಲು ನೋಡಬೇಕು, ಆಮೇಲೆ ಅದೇ ಕಣ್ಣಿನಿಂದ ಇಂಗ್ಲಿಷನ್ನು ನೋಡುತ್ತದೆ. ಕನ್ನಡದಲ್ಲಿ 'ಸಂದರ್ಭದೊಡನೆ ವಿವರಿಸಿರಿ' ಎಂಬ ಒಳ್ಳೆಯ ಪ್ರಶ್ನೆ ಇದೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಭಾಗ ಮಾಡಿ ಬರೆಸುತ್ತಾರೆ. ಒಂದು ಮಾತು ಇಡೀ ಪಾಠದ ಯಾವ ಜಾಗದಲ್ಲಿ, ಯಾರ ಬಾಯಿಂದ, ಯಾಕೆ ಬಂತು ಎಂದು ಕೇಳುವ ಪ್ರಶ್ನೆ ಅದು. ಇಂಥ ಚಿನ್ನದಂಥ ಪ್ರಶ್ನೆಗೂ ಗೈಡಿನ ಉತ್ತರ ಬಾಯಿಪಾಠ ಮಾಡಿಸಿ ಕೂರಿಸಿದ್ದೇವೆ. ಬಾಯಿಪಾಠ ಬಿಡಿ, ದಿನಪತ್ರಿಕೆಯ ಸಂಪಾದಕೀಯವೊಂದನ್ನು ಕತ್ತರಿಸಿ ತಂದು, ಇದರಲ್ಲಿ ಬೇರೆಯವರ ಮಾತು ಎಲ್ಲಿ ಮುಗಿಯಿತು, ಪತ್ರಿಕೆಯ ಮಾತು ಎಲ್ಲಿ ಶುರುವಾಯಿತು, ಗೆರೆ ಎಳೆ ಎಂದು ಎಂಟನೇ ತರಗತಿಯ ಮಕ್ಕಳ ಕೈಗೆ ಕೊಡಿ. ಅದಕ್ಕೆ ಸ್ಮಾರ್ಟ್ ಬೋರ್ಡೂ ಬೇಡ, ಅನುದಾನವೂ ಬೇಡ.

ಆದರೆ ಪರೀಕ್ಷೆಯಲ್ಲಿ ಕೇಳದ್ದನ್ನು ನಮ್ಮ ಶಾಲೆಗಳು ಕಲಿಸುವುದಿಲ್ಲ. ಮಾಸ್ತರನಾಗಿದ್ದವನಿಗೆ ಇದು ಚೆನ್ನಾಗಿ ಗೊತ್ತು, ಫಲಿತಾಂಶ ಕಡಿಮೆಯಾದರೆ ನೋಟಿಸು ಬರುವುದು ಮಾಸ್ತರಿಗೇ. ಆದ್ದರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ನನ್ನ ಕೋರಿಕೆ ಒಂದೇ. ಅನ್‌ಸೀನ್ ಪ್ಯಾಸೇಜಿನ ನಾಲ್ಕು ಅಂಕಗಳಲ್ಲಿ ಎರಡನ್ನು, ಪ್ಯಾಸೇಜಿನಿಂದ ಸಾಲು ಎತ್ತಿ ಬರೆಯಲಾಗದ ಪ್ರಶ್ನೆಗೆ ಮೀಸಲಿಡಿ. ಎರಡನೇ ಪ್ಯಾರಾ ಮೊದಲನೆಯದನ್ನು ಒಪ್ಪುತ್ತದೆಯೇ, ಅಲ್ಲಗಳೆಯುತ್ತದೆಯೇ, ಯಾವ ಶಬ್ದದಿಂದ ತಿಳಿಯಿತು ಎಂದು ಕೇಳಿ. ಮುಂದಿನ ಸಾಲಿನ ಮಾದರಿ ಪ್ರಶ್ನೆಪತ್ರಿಕೆಯಲ್ಲೇ ಇದನ್ನು ತನ್ನಿ. ಮೊದಲ ವರ್ಷ ಫಲಿತಾಂಶ ಒಂದೆರಡು ಅಂಶ ಇಳಿದರೂ ಇಳಿಯಲಿ, ನಮ್ಮ ಜಿಲ್ಲೆಗೆ ಮೊದಲ ಸ್ಥಾನ ಸಿಗದಿದ್ದರೂ ಚಿಂತೆಯಿಲ್ಲ.