ಹೂರಣ ಕಟ್ಟುವವರು ಯಾರು?

“ಏನೇ ಹೇಳಿ, ಮನೇಲಿ ಮಾಡಿದ ಒಬ್ಬಟ್ಟಿನ ರುಚಿ ಅಂಗಡೀದಕ್ಕೆ ಬರೋಲ್ಲ.” ಯುಗಾದಿಗೆ ಎಂಟು ದಿನ ಮುಂಚಿನಿಂದಲೇ ಈ ಮಾತು ಹಾಸನದ ನಮ್ಮ ಬೀದಿಯಲ್ಲಿ ಓಡಾಡತೊಡಗುತ್ತದೆ. ಹೊಳೆನರಸೀಪುರದ ಅತ್ತೆಮನೆಯಲ್ಲೂ ಇದೇ ಮಾತು, ಚನ್ನರಾಯಪಟ್ಟಣದ ತಂಗಿಯ ಮನೆಯಲ್ಲೂ ಇದೇ. ಹೇಳುವವರನ್ನು ಒಮ್ಮೆ ಗಮನಿಸಿ. ಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ತಿರುವಿದ ಕೈ ಅವರದಾಗಿರುವುದು ಅಪರೂಪ. ಎಲೆಯ ಮುಂದೆ ಕೂತು ತುಪ್ಪಕ್ಕೆ ಕಾಯುವವರೇ ಹೆಚ್ಚು.

ಮಾತು ಸುಳ್ಳೆಂದು ನಾನು ವಾದಿಸುತ್ತಿಲ್ಲ. ಮನೆಯ ಹೂರಣ ನಿಜವಾಗಿಯೂ ರುಚಿ. ಬೇಳೆ ಬೆರಳಲ್ಲಿ ಹಿಸುಕಿದರೆ ಒಡೆಯಬೇಕು, ಕರಗಿ ಗಂಜಿಯಾಗಬಾರದು. ಕುಕ್ಕರು ಒಂದು ಕೂಗು ಹೆಚ್ಚು ಕೂಗಿದರೆ ಹೂರಣ ಸಡಿಲ. ನೀರು ಹನಿಯೂ ಉಳಿಯದಂತೆ ಬಸಿಯಬೇಕು, ಆ ಕಟ್ಟಿನಿಂದಲೇ ಒಬ್ಬಟ್ಟಿನ ಸಾರಾಗಬೇಕು. ಕಣಕ ಎಣ್ಣೆಯಲ್ಲಿ ಎರಡು ಮೂರು ಗಂಟೆ ನೆನೆದು, ಎಳೆದರೆ ರಬ್ಬರಿನಂತೆ ಬರಬೇಕು. ಇಷ್ಟು ತಾಳ್ಮೆ ವ್ಯಾಪಾರದವರಿಗೆ ಎಲ್ಲಿಂದ ಬರಬೇಕು? ಆದರೆ ನಮಗೆ ಮಾತ್ರ ಅದು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಹುಟ್ಟುವಾಗಲೇ ಸೆರಗಿಗೆ ಕಟ್ಟಿಕೊಂಡು ಬಂದಿದ್ದೇವೆ ಎಂದುಕೊಂಡಿದ್ದಾರೆ!

ಒಂದು ಕೆ.ಜಿ. ಬೇಳೆಗೆ ಹೆಚ್ಚುಕಡಿಮೆ ಅಷ್ಟೇ ಬೆಲ್ಲ ಹಿಡಿದರೆ ಐವತ್ತು ಒಬ್ಬಟ್ಟು ಎಲ್ಲಿಗೂ ಹೋಗುವುದಿಲ್ಲ. ಒಂದೊಂದನ್ನು ಬಾಳೆಲೆಯ ಮೇಲೆ ತಟ್ಟಿ, ಕಾವಲಿಗೆ ಹಾಕಿ, ತಿರುವಿ ತೆಗೆಯಲು ಎರಡೂವರೆ ನಿಮಿಷ ಹಿಡಿಯಿರಿ. ಬೇಯಿಸಿದ್ದು, ರುಬ್ಬಿದ್ದು, ಕಣಕ ನಾದಿದ್ದು ಎಲ್ಲ ಬಿಟ್ಟು ಬರೀ ಒಲೆಯ ಮುಂದೆ ಎರಡು ಗಂಟೆಯ ಮೇಲಾಯಿತು. ಅದಕ್ಕೆ ಮೊದಲು ಎಣ್ಣೆನೀರು, ತೋರಣ, ಬೇವುಬೆಲ್ಲ. ಮಾಂಸದಡುಗೆಯ ಮನೆಗಳಾದರೆ ಮಾರನೆಯ ದಿನ ಹೊಸತೊಡಕು ಬೇರೆ. ಒಬ್ಬಟ್ಟಿನ ಕಾವಲಿ ತೊಳೆದಿಡುವ ಹೊತ್ತಿಗೆ ಮಸಾಲೆ ರುಬ್ಬಲು ಕೂರಬೇಕು. ಹಬ್ಬ ಮುಗಿದ ಮೇಲೆ “ಯಾಕಮ್ಮಾ ಮುಖ ಹೀಗಿದೆ? ಹಬ್ಬದ ದಿನ ನಗ್ತಾ ಇರಬಾರದಾ?” ಎನ್ನುವ ಉಪದೇಶ ಪುಕ್ಕಟೆ.

2019ರಲ್ಲಿ ಕೇಂದ್ರ ಸರ್ಕಾರದವರು ದೇಶದ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿದರು. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆಯುವುದು 299 ನಿಮಿಷ, ಗಂಡಸರು 97. ಅದೂ ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರ ಲೆಕ್ಕ; ಹಚ್ಚದವರು ಇದರಲ್ಲಿ ಸೇರಿಯೇ ಇಲ್ಲ. 2024ರಲ್ಲಿ ಮತ್ತೆ ಎಣಿಸಿದಾಗ 289 ಮತ್ತು 88. ನಮ್ಮ ಹತ್ತು ನಿಮಿಷವನ್ನು ಗ್ರೈಂಡರು ಉಳಿಸಿತೆನ್ನೋಣ. ಅವರ ಒಂಬತ್ತು ನಿಮಿಷ ಎಲ್ಲಿ ಹೋಯಿತು?

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು “ಕೈಗುಣ” ಎಂಬ ಪದದ ಮೇಲೆ. ಅರಕಲಗೂಡಿನ ನನ್ನ ತವರಿನಲ್ಲಿ ಅಜ್ಜಿಗೆ ಈ ಬಿರುದಿತ್ತು. ಗೌರಿಹಬ್ಬದ ಪೂಜೆ ಮುಗಿದ ಮೇಲೆ ಮನೆಯಲ್ಲಿ ಬಾಳೆಹಣ್ಣಿನ ಚಿಪ್ಪುಗಳೂ ಒಡೆದ ತೆಂಗಿನಹೋಳುಗಳೂ ರಾಶಿ ಬೀಳುತ್ತವೆ, ನಿಮಗೆ ಗೊತ್ತೇ ಇದೆ. ಅಜ್ಜಿ ಸಿಪ್ಪೆ ಕಪ್ಪಾದ ಹಣ್ಣನ್ನೆಲ್ಲ ಕಿವುಚಿ, ತುಪ್ಪದಲ್ಲಿ ನೀರಾರುವ ತನಕ ಬಾಡಿಸಿ, ಕಾಯಿತುರಿ, ಬೆಲ್ಲ, ಏಲಕ್ಕಿ ಹಾಕಿ, ಉಂಡೆ ಕಟ್ಟಲು ಬರುವಂತೆ ಒಂದು ಹಿಡಿ ಹುರಿಗಡಲೆ ಪುಡಿ ಬೆರೆಸಿ ಹೂರಣ ಮಾಡುತ್ತಿದ್ದಳು. ಎಷ್ಟು ಹಣ್ಣಿಗೆ ಎಷ್ಟು ಪುಡಿ, ಯಾವ ಹದಕ್ಕೆ ಬೆಲ್ಲ ಎನ್ನುವುದು ವರ್ಷಾನುಗಟ್ಟಲೆ ಮಾಡಿ ಕಲಿತ ವಿದ್ಯೆ. ಹಣ್ಣು ಕೊಳೆಯಬಾರದು, ಕಾಯಿ ಹಳಸಬಾರದು, ಖರ್ಚೂ ಆಗಬಾರದು ಎಂಬ ಮೂರು ಲೆಕ್ಕವೂ ಅದರೊಳಗಿತ್ತು. ಅದನ್ನು ಲೆಕ್ಕ ಎನ್ನಲಿಲ್ಲ, ವಿದ್ಯೆ ಎನ್ನಲಿಲ್ಲ, ಕೈಗುಣ ಎಂದರು. ಗುಣಕ್ಕೆ ಕೂಲಿ ಕೊಡಬೇಕಾಗಿಲ್ಲವಲ್ಲ! ಈಗ ಬೆಂಗಳೂರಿನ ಹೋಳಿಗೆ ಅಂಗಡಿಗಳಲ್ಲಿ ಅನಾನಸ್ಸಿನದು, ಖರ್ಜೂರದ್ದು, ಕ್ಯಾರೆಟ್ಟಿನದು ಎಂದು ಬೋರ್ಡು ಹಾಕಿ ಒಂದೊಂದಕ್ಕೆ ಇಷ್ಟೆಂದು ಎಣಿಸಿ ಮಾರುತ್ತಾರೆ. ಅಲ್ಲಿ ತಟ್ಟುವವರಲ್ಲೂ ಎಷ್ಟೋ ಜನ ಹೆಂಗಸರೇ. ಅದೇ ಕೆಲಸ ಅಲ್ಲಿ ಕೂಲಿಯ ಕೆಲಸ, ಮನೆಯಲ್ಲಿ ಮಾಡಿದರೆ ಕೈಗುಣ. ಇದ್ಯಾವ ನ್ಯಾಯ?

“ಹಾಗಂತ ಗಂಡಸರನ್ನ ಒಲೆ ಮುಂದೆ ಕೂರಿಸೋಕ್ಕಾಗುತ್ತೇನಮ್ಮಾ?” ಎಂದು ನಮ್ಮ ಕಡೆಯ ಹಿರಿಯ ಹೆಂಗಸರು ಬಾಯಿ ಮೇಲೆ ಕೈಯಿಡುತ್ತಾರೆ. ಯಾಕಾಗುವುದಿಲ್ಲ? ಮದುವೆಮನೆಯಲ್ಲಿ ಸಾವಿರ ಒಬ್ಬಟ್ಟು ಬೇಯಿಸುವ ಅಡುಗೆಭಟ್ಟರು ಯಾರು? ಕನ್ನಡದಲ್ಲಿ ಅಡುಗೆಯ ಪುಸ್ತಕ ಬರೆದವರಾದರೂ ಯಾರು? ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಗೆಂದು ಒಂದು ಅಧ್ಯಾಯವನ್ನೇ ಇಟ್ಟ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಬರೆದ. ಅಂದರೆ ಕೂಲಿ ಬರುವಲ್ಲಿ, ಕೀರ್ತಿ ಬರುವಲ್ಲಿ ಗಂಡಸರಿಗೆ ಹೂರಣದ ಹದ ಚೆನ್ನಾಗಿ ತಿಳಿಯುತ್ತದೆ. ಮನೆಯ ಹೊಸ್ತಿಲು ದಾಟಿ ಒಳಗೆ ಬಂದೊಡನೆ ಮರೆತುಹೋಗುತ್ತದೆ.

ನಮ್ಮ ತಪ್ಪೇನೂ ಇಲ್ಲವೆನ್ನಲಾರೆ. ಇಲ್ಲಿ ನಾವು ಎಂದರೆ ಹೆಂಗಸರೆಲ್ಲ. ಸೊಸೆಯ ಮೊದಲ ಯುಗಾದಿಯಲ್ಲಿ ಒಬ್ಬಟ್ಟು ಎತ್ತಿ ಬೆಳಕಿಗೆ ಹಿಡಿದು “ಅಂಚಿಗೆ ಹೂರಣಾನೇ ಬಂದಿಲ್ವಲ್ಲೇ” ಎನ್ನುವುದು ಯಾರು? ಕೆಲಸಕ್ಕೆ ಹೋಗುವ ಹುಡುಗಿ ಪಾಪ, ಅಂಗಡಿಯಿಂದ ಇಪ್ಪತ್ತು ತಂದು, ಪೊಟ್ಟಣವನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿ, ಮನೆಯ ಸ್ಟೀಲು ಡಬ್ಬಿಗೆ ತುಂಬಿ, ಮೇಲೊಂದು ಚಮಚ ತುಪ್ಪ ಸವರಿ ನೆಂಟರ ಮುಂದಿಡುತ್ತಾಳೆ. ಕದ್ದು ತಂದವಳಂತೆ! ಅವಳಿಗೆ ಈ ಹೆದರಿಕೆ ಹುಟ್ಟಿಸಿದವರು ಗಂಡಸರು ಮಾತ್ರವೇ?

ಅಂಗಡಿಯ ಒಬ್ಬಟ್ಟಿನ ವಕಾಲತ್ತು ನನ್ನದಲ್ಲ. ಅದರ ಅರಿಸಿನಕ್ಕಿಂತ ಹಳದಿಯಾದ ಬಣ್ಣ ಕಂಡರೆ ನನಗೂ ಅನುಮಾನವೇ. ಆದರೆ ಮನೆಯದೇ ಬೇಕೆನ್ನುವವರು ಮನೆಯವರೇ ಆಗಿರಬೇಕಲ್ಲ? ಕಾಯಿ ತುರಿಯಲು ಹೆಣ್ಣಿನ ಕೈಯೇ ಬೇಕೆಂದಿಲ್ಲ. ಬೆಲ್ಲ ಕುಟ್ಟಲು, ಹೂರಣ ತಿರುವಲು ತೋಳಿನ ಬಲ ಬೇಕು. ಅದು ತಮಗೆ ಹೆಚ್ಚೆಂದು ಅವರೇ ಹೇಳಿಕೊಳ್ಳುತ್ತಾರೆ. ಉಂಡೆ ಕಟ್ಟುವುದನ್ನು ಹತ್ತು ವರ್ಷದ ಹುಡುಗನಿಗೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಮೊದಲ ನಾಲ್ಕು ಒಡೆಯುತ್ತವೆ, ಒಡೆಯಲಿ. ಒಡೆದ ಒಬ್ಬಟ್ಟಿನ ಮೇಲೆ ಹಾಲು ತುಪ್ಪ ಹಾಕಿ ಕಲಸಿದರೆ ಯಾವ ನೆಂಟರೂ ಬೇಡವೆನ್ನುವುದಿಲ್ಲ.

ಮುಂದಿನ ಹಬ್ಬಕ್ಕೆ ಯಾರಾದರೂ “ಮನೇದೇ ಆಗಬೇಕು” ಎಂದರೆ ತುರಿಮಣೆಯನ್ನೂ ಎರಡು ಕಾಯಿಯನ್ನೂ ಅವರ ಮುಂದಿಡಿ. ಕೂತರೆ ಒಳ್ಳೆಯದು, ನೀವು ಬೇಳೆಗೆ ನೀರಿಡಿ. ಏಳುತ್ತೇನೆಂದರೆ ಅವರ ಕೈಗೇ ದುಡ್ಡು ಕೊಟ್ಟು ಅಂಗಡಿಗೆ ಕಳಿಸಿ. ತಂದದ್ದನ್ನು ಅದರ ಪೊಟ್ಟಣದ ಸಮೇತ ಊಟದ ಮನೆಯ ನಡುವೆ ಇಟ್ಟು, ಅವರ ಪಕ್ಕದಲ್ಲೇ ನಿಮಗೂ ಒಂದು ಎಲೆ ಹಾಕಿಕೊಂಡು, ಮೊದಲ ಪಂಕ್ತಿಯಲ್ಲೇ ಕೂತುಬಿಡಿ.