ಶತ್ರುವಿನ ಶತ್ರು ನಮ್ಮ ನಾಯಕನಲ್ಲ

ಅಮೆರಿಕವನ್ನು ಬೈಯುವ ಬಾಯಿಯೆಲ್ಲ ಸತ್ಯವನ್ನೇ ನುಡಿಯುತ್ತದೆ ಎಂದು ನಂಬುವ ದುರಭ್ಯಾಸವೊಂದು ನಮ್ಮಲ್ಲಿ ಬೆಳೆದುಬಂದಿದೆ. ಅಫ್ಘಾನಿಸ್ತಾನ ಮತ್ತು ಇರಾಕಿನ ಮೇಲೆ ಬಾಂಬುಗಳು ಸುರಿದ ವರ್ಷಗಳಲ್ಲಿ ಅದು ಸಹಜವೂ ಆಗಿತ್ತು. ಆದರೆ ಸಹಜವಾದುದೆಲ್ಲ ನ್ಯಾಯವಲ್ಲ. ಚದುರಂಗದ ವಿಶ್ವ ಚಾಂಪಿಯನ್ ಬಾಬಿ ಫಿಶರ್‌ನ ಬದುಕು ಈ ದುರಭ್ಯಾಸಕ್ಕೆ ಹಿಡಿದ ಕನ್ನಡಿಯಂತಿದೆ. ಚದುರಂಗ ಆಡುವುದು ಧರ್ಮಸಮ್ಮತವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಇಲ್ಲಿ ಅಪ್ರಸ್ತುತ. ನಮ್ಮ ಪ್ರಶ್ನೆ ಆಟದ್ದಲ್ಲ, ಮನುಷ್ಯನದ್ದು.

1943ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಫಿಶರ್ ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆಯ ಆಸರೆಯಿಲ್ಲದ ಮನೆ. ಯಹೂದಿ ಮನೆತನದ ತಾಯಿಯೊಬ್ಬಳೇ ದುಡಿದು ಇಬ್ಬರು ಮಕ್ಕಳನ್ನು ಸಾಕಿದಳು. ಆಕೆ ಕಮ್ಯುನಿಸ್ಟಳೆಂಬ ಶಂಕೆಯಿಂದ ಅಮೆರಿಕದ ಎಫ್‌ಬಿಐ ವರ್ಷಾನುಗಟ್ಟಲೆ ಆಕೆಯ ಮೇಲೆ ಕಣ್ಣಿಟ್ಟಿತ್ತು. 6ನೇ ವಯಸ್ಸಿನಲ್ಲಿ ಅಕ್ಕ ತಂದುಕೊಟ್ಟ ಚದುರಂಗವೇ ಆ ಬಾಲಕನ ಲೋಕವಾಯಿತು. 14ರಲ್ಲಿ ಅಮೆರಿಕದ ಚಾಂಪಿಯನ್, 15ರಲ್ಲಿ ಗ್ರ್ಯಾಂಡ್‌ಮಾಸ್ಟರ್, 16ರಲ್ಲಿ ಶಾಲೆಗೆ ವಿದಾಯ. ಚಪ್ಪಾಳೆ ತಟ್ಟಿದವರಿಗೆ ಆತನ ಬುದ್ಧಿ ಬೇಕಾಗಿತ್ತು. ಆತನ ಮನಸ್ಸಿನ ಚಿಂತೆ ಅವರಿಗಿರಲಿಲ್ಲ.

1972ರಲ್ಲಿ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿಯೊಂದಿಗೆ ಫಿಶರ್ ಸೆಣಸಿದ. 1948ರಿಂದ ಸೋವಿಯತ್ ಆಟಗಾರರ ಕೈಯಲ್ಲೇ ಇದ್ದ ಪಟ್ಟವದು. ಫಿಶರ್ ಸಮಯಕ್ಕೆ ಸರಿಯಾಗಿ ಬರಲಿಲ್ಲ, ಹೆಚ್ಚಿನ ಹಣಕ್ಕಾಗಿ ಹಟ ಹಿಡಿದ. ಬ್ರಿಟನ್ನಿನ ಧನಿಕನೊಬ್ಬ ಬಹುಮಾನದ ಮೊತ್ತವನ್ನು ಇಮ್ಮಡಿಗೊಳಿಸಿದ. ಅಮೆರಿಕದ ಅಧ್ಯಕ್ಷರ ಸಲಹೆಗಾರ ಹೆನ್ರಿ ಕಿಸಿಂಜರ್ ಸ್ವತಃ ಫೋನ್ ಮಾಡಿ ಆಡಲು ಒತ್ತಾಯಿಸಿದರು. ಮೊದಲ ಆಟ ಸೋತು, ಕ್ಯಾಮರಾಗಳ ಮೇಲೆ ಮುನಿಸಿಕೊಂಡು ಎರಡನೆಯ ಆಟಕ್ಕೆ ಬಾರದೆ ಉಳಿದ ಫಿಶರ್, ಕೊನೆಗೆ 12½–8½ ಅಂಕಗಳಿಂದ ಗೆದ್ದ. ಅಂದು ಆತನ ಒರಟುತನ ಪ್ರತಿಭೆಯ ಲಕ್ಷಣವೆನಿಸಿತು. ಶೀತಲ ಸಮರದ ಹಲಗೆಯ ಮೇಲೆ ಅಮೆರಿಕಕ್ಕೆ ಆತ ಉಪಯುಕ್ತ ಕಾಲಾಳಾಗಿದ್ದ.

1975ರಲ್ಲಿ ತನ್ನ ಷರತ್ತುಗಳಿಗೆಲ್ಲ ಒಪ್ಪಿಗೆ ಸಿಗಲಿಲ್ಲವೆಂದು ಫಿಶರ್ ಆಡಲು ನಿರಾಕರಿಸಿ ಪಟ್ಟ ಕಳೆದುಕೊಂಡ, ಕಣ್ಮರೆಯಾದ. ಮತ್ತೆ ಆಡಲು ಬಂದದ್ದು 1992ರಲ್ಲಿ, ಯುಗೊಸ್ಲಾವಿಯಾದಲ್ಲಿ. ವಿಶ್ವಸಂಸ್ಥೆ ಆ ದೇಶದ ಮೇಲೆ ನಿರ್ಬಂಧ ಹೇರಿತ್ತು. ಆಡಬಾರದೆಂದು ಅಮೆರಿಕ ಸರಕಾರ ಕಳಿಸಿದ್ದ ಪತ್ರದ ಮೇಲೆ ಫಿಶರ್ ಪತ್ರಕರ್ತರೆದುರೇ ಉಗುಳಿದ.

ಆ ದೃಶ್ಯವನ್ನು ಧೈರ್ಯವೆಂದು ಮೆಚ್ಚುವವರು ನಮ್ಮಲ್ಲಿದ್ದರೆ, ಅವರು ಒಂದು ಕ್ಷಣ ಭೂಪಟವನ್ನು ನೋಡಲಿ. ಸರಾಯೆವೊ ನಗರಕ್ಕೆ ಮುತ್ತಿಗೆ ಬಿದ್ದು ಆಗಲೇ ತಿಂಗಳುಗಳು ಕಳೆದಿದ್ದವು. ಬೋಸ್ನಿಯಾದ ಮುಸ್ಲಿಮರು ಮನೆ-ಮಠ ಕಳೆದುಕೊಂಡು ಕೊಲೆಯಾಗುತ್ತಿದ್ದರು. ಆ ಹೊತ್ತಿನಲ್ಲಿ ಫಿಶರ್ ಸರ್ಬಿಯಾದ ಬ್ಯಾಂಕ್ ಮಾಲಿಕನೊಬ್ಬ ಒಡ್ಡಿದ 50 ಲಕ್ಷ ಡಾಲರ್ ಬಹುಮಾನಕ್ಕಾಗಿ, ಮಿಲೊಸೆವಿಚ್‌ನ ಬೆಲ್‌ಗ್ರೇಡಿನಲ್ಲಿ ಕಾಯಿ ನಡೆಸುತ್ತಿದ್ದ. ಇವನೇ ನಮ್ಮ ವೀರನೇ?

2001ರ ಸೆಪ್ಟೆಂಬರ್ 11ರ ದಾಳಿ ನಡೆದ ಕೆಲವೇ ಗಂಟೆಗಳಲ್ಲಿ ಫಿಲಿಪ್ಪೀನ್ಸಿನ ರೇಡಿಯೊವೊಂದರಲ್ಲಿ ಫಿಶರ್ ಆ ಹತ್ಯಾಕಾಂಡವನ್ನು ಕೊಂಡಾಡಿದ. ಸುಮಾರು 3,000 ಜನ ಸತ್ತಿದ್ದರು. ಅವರಲ್ಲಿ ಮುಸ್ಲಿಮರೂ ಇದ್ದರು. ಯಹೂದಿ ತಾಯಿಯ ಮಗನಾದ ಆತ ಯಹೂದಿಗಳೆಲ್ಲರನ್ನೂ ಅಪರಾಧಿಗಳೆಂದು ಜರೆದ. ಹಿಟ್ಲರ್ ನಡೆಸಿದ ನರಮೇಧವನ್ನೇ ಅಲ್ಲಗಳೆದ. ಆತನ ಬಾಯಲ್ಲಿ ಫೆಲೆಸ್ತೀನಿನ ಹೆಸರೂ ಬರುತ್ತಿತ್ತು. ಆದರೆ ದ್ವೇಷದ ಮಾತಿನಿಂದ ಫೆಲೆಸ್ತೀನಿನ ಒಂದು ಮಗುವಿಗಾದರೂ ನ್ಯಾಯ ದೊರಕಿತೇ? ಇಸ್ರೇಲಿನ ಆಕ್ರಮಣವನ್ನು ವಿರೋಧಿಸುವುದು ಬೇರೆ, ಯಹೂದಿಯಾಗಿ ಹುಟ್ಟಿದವನನ್ನು ದ್ವೇಷಿಸುವುದು ಬೇರೆ. 2023ರಲ್ಲಿ ಗಾಝಾದ ಮೇಲಿನ ದಾಳಿ ನಿಲ್ಲಲೆಂದು ಇದೇ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಧರಣಿ ಕುಳಿತು ಬಂಧಿತರಾದವರಲ್ಲಿ ಬಹಳಷ್ಟು ಯಹೂದಿಗಳಿದ್ದರು. ಫಿಶರ್‌ನ ತರ್ಕವನ್ನು ಒಪ್ಪಿದರೆ ಅವರೂ ನಮ್ಮ ಶತ್ರುಗಳೇ. ಎಲ್ಲೋ ಯಾರೋ ಮಾಡಿದ ಕೃತ್ಯಕ್ಕೆ ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸುವ ಕ್ರೌರ್ಯವನ್ನು ಈ ದೇಶದಲ್ಲಿ ನಾವು ಬಲ್ಲೆವು. ನಮಗೆ ಅನ್ಯಾಯವಾದದ್ದು ಇನ್ನೊಬ್ಬರಿಗೆ ನ್ಯಾಯವಾಗಲಾರದು.

ಹಾಗೆಂದು ಅಮೆರಿಕದ ಇಬ್ಬಗೆ ನೀತಿಯನ್ನು ನಾವು ಮರೆಯಬೇಕಾಗಿಲ್ಲ. 1992ರಲ್ಲೇ ವಾರಂಟ್ ಹೊರಟಿತ್ತು; ಆದರೂ 1997ರಲ್ಲಿ ಅದೇ ಸರಕಾರ ಫಿಶರ್‌ನ ಪಾಸ್‌ಪೋರ್ಟನ್ನು ನವೀಕರಿಸಿತು. 2001ರ ಆ ಮಾತುಗಳ ತರುವಾಯ, 2003ರಲ್ಲಿ ಪಾಸ್‌ಪೋರ್ಟ್ ರದ್ದಾಯಿತು. 2004ರ ಜುಲೈಯಲ್ಲಿ ಜಪಾನಿನ ನರಿತಾ ವಿಮಾನ ನಿಲ್ದಾಣದಲ್ಲಿ ಬಂಧಿತನಾದ ಫಿಶರ್ 8 ತಿಂಗಳು ಸೆರೆಯಲ್ಲಿ ಕಳೆದ. ಅದೇ ಪಂದ್ಯವನ್ನು ಆಡಿದ ಸ್ಪಾಸ್ಕಿ ಫ್ರಾನ್ಸಿನಲ್ಲಿ ನಿರಾತಂಕವಾಗಿದ್ದ. 1995ರಲ್ಲಿ ಸ್ರೆಬ್ರೆನಿತ್ಸಾದಲ್ಲಿ 8,000ದಷ್ಟು ಮುಸ್ಲಿಮರ ಕೊಲೆಯನ್ನು ತಡೆಯದ ಪ್ರಬಲ ರಾಷ್ಟ್ರಗಳ ಪೈಕಿ ಒಂದಕ್ಕೆ, ನಿರ್ಬಂಧ ಮುರಿದು ಚದುರಂಗ ಆಡಿದವನು ಮಾತ್ರ ಮಹಾಪರಾಧಿಯಾಗಿ ಕಂಡ!

ಪತ್ರಿಕೆಗಳಾದರೋ ಎರಡೇ ಪದಗಳಲ್ಲಿ ಆತನ ಬದುಕನ್ನು ಮುಗಿಸಿಬಿಟ್ಟವು: ಗೆದ್ದಾಗ ಮೇಧಾವಿ, ಬೇಡವಾದಾಗ ಹುಚ್ಚ. ಈ ಎರಡೂ ಪದಗಳು ಹೊಣೆಯಿಂದ ನುಣುಚಿಕೊಳ್ಳುವ ಉಪಾಯಗಳು. ಮೇಧಾವಿಯ ತಪ್ಪನ್ನು ತಿದ್ದಬೇಕಾಗಿಲ್ಲ, ಹುಚ್ಚನ ನೋವನ್ನು ಕೇಳಬೇಕಾಗಿಲ್ಲ. ನಮ್ಮ ಮನೆಗಳಲ್ಲೂ ಇದೇ ನಡೆಯುವುದಿಲ್ಲವೇ? ತರಗತಿಗೆ ಮೊದಲಿಗನಾದ ಹುಡುಗನ ದುರ್ನಡತೆಯನ್ನು ಸಹಿಸುತ್ತೇವೆ. ಅದೇ ಹುಡುಗನ ಮನಸ್ಸು ಕದಡಿದರೆ ವೈದ್ಯರ ಬಳಿಗೆ ಕರೆದೊಯ್ಯುವ ಬದಲು ನೆಂಟರ ಕಣ್ಣಿನಿಂದ ಬಚ್ಚಿಡುತ್ತೇವೆ.

ಈ ಕಥೆಯಲ್ಲಿ ಮನುಷ್ಯರಂತೆ ನಡೆದುಕೊಂಡವರೂ ಇದ್ದಾರೆ. ಫಿಶರ್ ಸೆರೆಯಲ್ಲಿದ್ದಾಗ, ಆತನಿಂದಲೇ ಪಟ್ಟ ಕಳೆದುಕೊಂಡಿದ್ದ ಸ್ಪಾಸ್ಕಿ ಅಧ್ಯಕ್ಷ ಬುಷ್‌ಗೆ ಪತ್ರ ಬರೆದ. ತಾನೂ ಅದೇ ತಪ್ಪು ಮಾಡಿರುವುದರಿಂದ ತನ್ನನ್ನೂ ಬಂಧಿಸಿ ಅದೇ ಕೋಣೆಯಲ್ಲಿಡಿ, ಒಂದು ಚದುರಂಗವನ್ನೂ ಕೊಡಿ ಎಂದು ಕೇಳಿಕೊಂಡ. 2005ರ ಮಾರ್ಚ್‌ನಲ್ಲಿ ಐಸ್‌ಲ್ಯಾಂಡಿನ ಪಾರ್ಲಿಮೆಂಟು ಫಿಶರ್‌ಗೆ ಪೌರತ್ವ ನೀಡಿತು. ಆ ಪುಟ್ಟ ದೇಶ ಆತನ ಮಾತುಗಳಿಗೆ ಮುದ್ರೆಯೊತ್ತಲಿಲ್ಲ. ದಿಕ್ಕಿಲ್ಲದ ಮನುಷ್ಯನೊಬ್ಬನಿಗೆ ಆಸರೆ ಕೊಟ್ಟಿತು. 2008ರ ಜನವರಿ 17ರಂದು, 64ನೇ ವಯಸ್ಸಿನಲ್ಲಿ, ಮೂತ್ರಪಿಂಡ ವೈಫಲ್ಯದಿಂದ ಫಿಶರ್ ಅಲ್ಲೇ ಕೊನೆಯುಸಿರೆಳೆದ.

ಯಾವುದೇ ಜನಾಂಗದ ಮೇಲಿನ ದ್ವೇಷವು ನಮ್ಮನ್ನು ನ್ಯಾಯದ ದಾರಿಯಿಂದ ಸರಿಸಕೂಡದೆಂಬುದು ಪವಿತ್ರ ಕುರ್‌ಆನಿನ ಸ್ಪಷ್ಟ ಆದೇಶ. ಯಹೂದಿಯೊಬ್ಬನ ಶವಯಾತ್ರೆ ಸಾಗುವಾಗ ಪ್ರವಾದಿವರ್ಯರು(ಸ) ಎದ್ದು ನಿಂತು ಗೌರವ ತೋರಿದ್ದನ್ನು ನಾವು ಮಿಂಬರಿನಿಂದ ಕೇಳುತ್ತಲೇ ಬಂದಿದ್ದೇವೆ. ಆ ಆದೇಶ ಫಿಶರ್‌ನ ಮಾತುಗಳನ್ನು ಖಂಡಿಸಲು ನಮ್ಮನ್ನು ಬದ್ಧರಾಗಿಸುತ್ತದೆ. ಆತನಿಗಾದ ಅನ್ಯಾಯವನ್ನು ಅನ್ಯಾಯವೆನ್ನಲೂ ಬದ್ಧರಾಗಿಸುತ್ತದೆ. ಅಮೆರಿಕ ಆತನನ್ನು ಕಾಲಾಳಾಗಿ ಬಳಸಿ ಬಿಸುಟಿತು. ಬಿದ್ದ ಆ ಕಾಲಾಳನ್ನು ಎತ್ತಿಕೊಂಡು ನಮ್ಮ ಆಟಕ್ಕೆ ಇಟ್ಟುಕೊಳ್ಳುವುದು ನ್ಯಾಯದ ಸಾಕ್ಷಿಗಳಾಗಬೇಕಾದ ಸಮುದಾಯಕ್ಕೆ ತಕ್ಕ ಕೆಲಸವಲ್ಲ.