ಮಗ್ಗದ ಸದ್ದನ್ನು ಅಳಿಸಬೇಕೆ?

ಇಳಕಲ್ಲಿನ ನೇಕಾರರನ್ನು ಕುರಿತ ನನ್ನ ಕಿರುಚಿತ್ರದ ಸಂಕಲನ ಮುಗಿದಿದೆ. ಧ್ವನಿಮಿಶ್ರಣ ಕೊನೆಯ ಹಂತದಲ್ಲಿದೆ. ಮಗ್ಗದ ಸದ್ದನ್ನು ತಗ್ಗಿಸಿ, ಮಾತುಗಳನ್ನು ಬೆಂಗಳೂರಿನ ಕನ್ನಡದಲ್ಲಿ ಡಬ್ ಮಾಡಿಸಬೇಕೆಂಬ ಸಲಹೆ ಬಂದಿತು. ನಾನು ಒಪ್ಪಲಿಲ್ಲ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಎಳೆ ಎಳೆಯಾಗಿ ಜೋಡಿಸುವ ಕೈಗೆ ತನ್ನದೇ ಲಯವಿದೆ. ಆ ಸೀಮೆಯ ನುಡಿಗೂ ಇದೆ. ಅದನ್ನು ಅಳಿಸಿದರೆ ಉಳಿಯುವುದು ಬರಿಯ ಬಣ್ಣ.

2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ, ಜನಪದ ಕಥೆಯನ್ನಾಧರಿಸಿದ ಚಿದಾನಂದ ಎಸ್. ನಾಯಕ್ ಅವರ 16 ನಿಮಿಷಗಳ ಚಿತ್ರಕ್ಕೆ ಕನ್ನಡವೇನೂ ಅಡ್ಡಿಯಾಗಲಿಲ್ಲ.

ನನ್ನ ಮುಂದಿನ ಚಿತ್ರ ರಾಮಥಾಳದ್ದು. 24,000 ಹೆಕ್ಟೇರ್‌ಗಾಗಿ ರೂಪಿಸಿದ ಹನಿ ನೀರಾವರಿ ಯೋಜನೆಯ ನೀರು ಕೊನೆಯ ಹೊಲಕ್ಕೂ ತಲುಪುತ್ತದೆಯೆ? ಉತ್ತರವನ್ನು ರೈತರೇ ತಮ್ಮ ಮಾತಿನಲ್ಲಿ ಹೇಳಲಿ.